ಡೂಡಲ್ ಮರಿಯನ್ನು ಮನೆಯಲ್ಲೇ ಸಾಕಿ ಸಹಾಯಕ ನಾಯಿಯ ಕೆಲಸಕ್ಕೆ ತಯಾರು ಮಾಡಿದವರು ಇದ್ದೀರಾ?

ಕಟಪಾಡಿಯವ: ನಮ್ಮಲ್ಲಿ ಲ್ಯಾಬ್ರಡೂಡಲ್ (ಲ್ಯಾಬ್ರಡಾರ್, ಪೂಡಲ್ ಸೇರಿಸಿದ ಮಿಶ್ರ ತಳಿ) ಹೆಣ್ಣು ಉಂಟು, ಎರಡೂವರೆ ವರ್ಷ. ಭಾವನ ಮನೆಯ ಸ್ಟ್ಯಾಂಡರ್ಡ್ ಪೂಡಲ್ ಗಂಡಿನ ಜೊತೆ ಸೇರಿಸಿದ್ದು. ಆರು ಮರಿ, ಇವತ್ತಿಗೆ 24 ದಿನ. ನನ್ನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಉಂಟು, ರಸ್ತೆಯಲ್ಲಿ ಕೈ ಬಿಡಿಸಿಕೊಂಡು ಓಡ್ತಾನೆ. ಅತ್ತೆಗೆ ಅಸ್ತಮಾ. ಒಂದು ಮರಿಯನ್ನು ಇಟ್ಟುಕೊಂಡು ಅವನಿಗಾಗಿ ತಯಾರು ಮಾಡುವ ಅಂತ. ಯಾವ ಮರಿ ಇಟ್ಟುಕೊಳ್ಳುವುದು? ಅನುಭವ ಇದ್ದವರು ಹೇಳಿ.

ಹಳೆಯಂಗಡಿ 66: ನನ್ನ ಕಥೆ ಓದಿ, ಆಮೇಲೆ ನಿಮ್ಮಿಷ್ಟ. ತಮ್ಮನಿಗೆ ಬೈಕ್ ಆಕ್ಸಿಡೆಂಟ್ ಆಗಿ ಎಡಗಾಲು ಸ್ವಾಧೀನ ಇಲ್ಲ. ಬಿದ್ದದ್ದು ಹೆಕ್ಕಿ ಕೊಡ್ಲಿಕ್ಕೆ, ಫ್ರಿಜ್ಜಿನ ಬಾಗಿಲು ಎಳೀಲಿಕ್ಕೆ ಅಂತ ನಮ್ಮದೇ ಹೆಣ್ಣಿನ ಎಂಟು ಮರಿಯಲ್ಲಿ ಒಂದನ್ನು ಇಟ್ಟುಕೊಂಡೆ. ಏಳನೇ ವಾರದಲ್ಲಿ ಸ್ಟೀಲ್ ಬಟ್ಟಲು ನೆಲಕ್ಕೆ ಹಾಕಿ ನೋಡಿದ್ದೆ. ಉಳಿದ ಏಳೂ ಮಂಚದಡಿಗೆ ಓಡಿದವು, ಇವನು ಮಾತ್ರ ಬಂದು ಬಟ್ಟಲು ಮೂಸಿದ. ಸಾಕಲ್ಲ, ಇವನೇ ಅಂತ ಮಾಡಿದೆ.

ಹತ್ತೂವರೆ ವಾರಕ್ಕೆ ಪಾರ್ವೊ, ಮರಿಗಳಿಗೆ ಬರುವ ವಾಂತಿ-ಭೇದಿಯ ವೈರಸ್. ಲಸಿಕೆಯ ಎರಡನೇ ಡೋಸ್ ಮೂರು ದಿನ ತಡವಾಗಿತ್ತು, ಮಳೆ ಅಂತ ನಾನೇ ಹೋಗಿರಲಿಲ್ಲ. ಐದು ದಿನ ಡ್ರಿಪ್, 14,850 ರೂಪಾಯಿ. ಬಿಲ್ ಇನ್ನೂ ಕಪಾಟಿನಲ್ಲಿ ಉಂಟು. ಗ್ರೂಮಿಂಗ್ ಆರು ವಾರಕ್ಕೊಮ್ಮೆ 1,800, ಕೂದಲು ಗಂಟು ಇದ್ರೆ 600 ಎಕ್ಸ್‌ಟ್ರಾ. ಗಂಟು ಇಲ್ಲದ ದಿನವೇ ಇಲ್ಲ. ಜುಲೈಯಲ್ಲಿ ಕಿವಿ, ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ಡ್ರಾಪ್ಸ್, ತೊಳೆಯುವ ಮದ್ದು ಸೇರಿ 2,340. ಆಗಸ್ಟ್‌ನಲ್ಲಿ ಪುನಃ ಅದೇ. ಟ್ರೈನರ್‌ಗೆ ತಿಂಗಳಿಗೆ 9,000ದ ಹಾಗೆ ಹನ್ನೊಂದು ತಿಂಗಳು. ಲೆಕ್ಕ ನೀವೇ ಮಾಡಿ.

ಹದಿನಾಲ್ಕನೇ ತಿಂಗಳಿಗೆ ಓಡುವಾಗ ಮೊಲದ ಹಾಗೆ ಎರಡೂ ಹಿಂಗಾಲು ಒಟ್ಟಿಗೆ ಹಾರಿಸ್ಲಿಕ್ಕೆ ಶುರು ಮಾಡಿದ. ಮಕ್ಕಳು ನಗಾಡಿದರು, ನಾನೂ ನಗಾಡಿದೆ. ಎಕ್ಸ್‌ರೇ ತೆಗೆದ್ರೆ ಸೊಂಟದ ಕೀಲು ಎರಡೂ ಕಡೆ ಸಡಿಲ. ಎಳೆಯುವ, ಭಾರದ ಕೆಲಸ ಯಾವುದೂ ಬೇಡ ಅಂದ್ರು ಡಾಕ್ಟ್ರು. ತಾಯಿಯ ಎಕ್ಸ್‌ರೇ ನಾನು ತೆಗೆಸಿದ್ದೆ. ಗಂಡಿನದ್ದು ಕೇಳಿದ್ದಕ್ಕೆ ಅದರ ಯಜಮಾನರು "ಚಾಂಪಿಯನ್ ಲೈನ್ ಸಾರ್" (ಶೋ ಗೆದ್ದ ನಾಯಿಗಳ ವಂಶ) ಅಂದ್ರು, ನಾನು ಬಾಯಿ ಮುಚ್ಚಿದೆ. ಈಗ ಅವನು ಸಿಟೌಟ್‌ನಲ್ಲಿ ಮಲಗಿ ಬಂಗುಡೆ ತಿಂತಾನೆ. ತಮ್ಮ ಬಿದ್ದದ್ದನ್ನು ಕೋಲಿನಲ್ಲಿ ಎಳ್ಕೊಳ್ತಾನೆ.

ಮಣ್ಣಪಳ್ಳ ವಾಕರ್: ಅಷ್ಟು ಹೆದರಿಸಬೇಡಿ ಮಾರಾಯ್ರೆ. ನನ್ನ ಅಮ್ಮನಿಗೆ ಎರಡೂ ಕಿವಿ ಕೇಳುವುದಿಲ್ಲ. ನಮ್ಮ ನಾಯಿ ಚಿನ್ನು ಕಾಲಿಂಗ್ ಬೆಲ್ ಆದ್ರೆ ಅಮ್ಮನ ಮೊಣಕಾಲಿಗೆ ಮೂಗು ತಾಗಿಸ್ತಾಳೆ, ಬಾಗಿಲ ತನಕ ಕರ್ಕೊಂಡು ಹೋಗ್ತಾಳೆ. ಕುಕ್ಕರ್‌ಗೆ ಬೇರೆ, ಮೂರನೇ ವಿಸಿಲ್‌ಗೆ ಮಾತ್ರ ಏಳ್ತಾಳೆ. ಅದನ್ನು ನಾನು ಕಲಿಸಿದ್ದಲ್ಲ, ಅವಳೇ ಲೆಕ್ಕ ಹಿಡಿದದ್ದು.

ಟ್ರೈನರ್ ಇಲ್ಲ, ಎಂತದೂ ಇಲ್ಲ. ಮೂರನೇ ದಿನದಿಂದ ದಿನಾ ಒಂದೊಂದು ಮರಿಯನ್ನೂ ಕೈಯಲ್ಲಿ ಹಿಡಿದು, ಮಗುಚಿ, ಬೆರಳ ಸಂದಿಗೆ ಹತ್ತಿ ಕಡ್ಡಿ ಮುಟ್ಟಿಸಿ ಇಟ್ಟದ್ದು. ಮೂರರಿಂದ ಹನ್ನೆರಡು ವಾರದ ಒಳಗೆ ಕಂಡದ್ದಕ್ಕೆ ಮತ್ತೆ ಹೆದರುವುದು ಕಮ್ಮಿ. ಆದ್ರೆ ಲಸಿಕೆ ಮುಗಿಯುವುದು ಹದಿನಾರು ವಾರಕ್ಕೆ, ನೆಲಕ್ಕೆ ಬಿಡ್ಲಿಕ್ಕಿಲ್ಲ. ಅದಕ್ಕೆ ಮೀನಿನ ಬುಟ್ಟಿಯಲ್ಲಿ ಟವೆಲ್ ಹಾಕಿ, ಮರಿಯನ್ನು ಕೂರಿಸಿ, ಮಲ್ಪೆ ಬಂದರಿಗೆ, ಉಡುಪಿ ಬಸ್‌ಸ್ಟ್ಯಾಂಡಿಗೆ ಹೊತ್ಕೊಂಡು ತಿರುಗಿದ್ದೇನೆ. ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಕೇಳಿ ಬುಟ್ಟಿಯಲ್ಲೇ ಉಚ್ಚೆ ಹೊಯ್ದಳು, ನಾಲ್ಕನೇ ದಿನ ನಿದ್ದೆ ಮಾಡಿದಳು. ಪಕ್ಕದ ಮನೆಯಲ್ಲಿ ಹರಕೆಯ ಯಕ್ಷಗಾನ ಆಟ ಇದ್ದಾಗ ಚೆಂಡೆಗೆ ದೂರದಿಂದ ಶುರು ಮಾಡಿ ಹತ್ತತ್ತು ಹೆಜ್ಜೆ ಹತ್ತಿರ ತಂದೆ. ಬಟ್ಟಲು ಬೀಳಿಸಿದ್ದು ಪರೀಕ್ಷೆ ಅಲ್ಲ. ಹೆದರಿದ ಮರಿ ಎಷ್ಟು ಬೇಗ ವಾಪಸ್ ಬರ್ತದೆ ಅಂತ ನೋಡ್ಬೇಕು.

ಹಳೆಯಂಗಡಿ 66: ನಿಮ್ಮ ಚಿನ್ನು ಬಾಗಿಲು ತೋರಿಸ್ತಾಳೆ, ಸಂತೋಷ. ನಮ್ಮದು 31 ಕಿಲೋ, ಕೆಲಸವೇ ಬೇರೆ. ಬುಟ್ಟಿ ಕಥೆ ನನಗೆ ಹೇಳ್ಬೇಡಿ.

ಬೀದಿನಾಯಿ ಪಾರ್ಟಿ: ಈ ಡೂಡಲ್ ಶುರುವಾದದ್ದೇ ಇದಕ್ಕೆ. 1989ರಲ್ಲಿ ಆಸ್ಟ್ರೇಲಿಯಾದ ಗೈಡ್ ಡಾಗ್ ಸಂಸ್ಥೆಯ ವಾಲಿ ಕಾನ್ರನ್, ಹವಾಯಿಯ ಅಂಧ ಮಹಿಳೆಗೋಸ್ಕರ. ಅವರ ಗಂಡನಿಗೆ ಅಲರ್ಜಿ. ಮೂರು ಮರಿಗಳ ಕೂದಲು, ಜೊಲ್ಲು ಕಳಿಸಿ ನೋಡಿದ್ರೆ ಹೊಂದಿದ್ದು ಒಂದೇ ಮರಿಯದ್ದು. ಆಮೇಲೆ ಜಗತ್ತಿಡೀ ಡೂಡಲ್ ಹುಚ್ಚು ಹಿಡಿದದ್ದು ನೋಡಿ ಕಾನ್ರನ್ ಅವರೇ ಪಶ್ಚಾತ್ತಾಪ ಪಟ್ಟರು. ನಿಮಗೆ ಮಾತ್ರ ಬೇಕು. ನಮ್ಮ ಅಂಗಳದ ಕಂಟ್ರಿ ನಾಯಿಗೆ ಕಿವಿ ನೋವಿಲ್ಲ, ಗ್ರೂಮಿಂಗ್ ಇಲ್ಲ, ಕುಚ್ಚಲಕ್ಕಿ ಗಂಜಿ ತಿಂದು ಹನ್ನೆರಡು ವರ್ಷ.

ಮಣ್ಣಪಳ್ಳ ವಾಕರ್: ನಿಮ್ಮ ಕಂಟ್ರಿ ನಾಯಿ ಬೆಲ್ ಆದ್ರೆ ಅಮ್ಮನನ್ನು ಕರೀತದಾ, ಪೋಸ್ಟ್‌ಮ್ಯಾನ್‌ನ ಪ್ಯಾಂಟ್ ಹಿಡೀತದಾ?

ಬೀದಿನಾಯಿ ಪಾರ್ಟಿ: ಪೋಸ್ಟ್‌ಮ್ಯಾನ್ ವಿಷಯ ತೆಗೀಬೇಡಿ, ಅದು ಒಂದೇ ಸಲ.

ಕದ್ರಿ ಕಂಬಳ ರೋಡ್: ಅಲರ್ಜಿ ವಿಷಯ ಅವರು ಹೇಳಿದ್ದು ಸರಿ. ಕೂದಲು ಉದುರದಿದ್ರೆ ಅಲರ್ಜಿ ಇಲ್ಲ ಅಂತಲ್ಲ, ಇರುವುದು ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ. ನಮ್ಮಲ್ಲಿ ಮಾವನವರಿಗೆ ಮೊದಲ ತಿಂಗಳು ಏನೂ ಇಲ್ಲ, ಮರಿ ದೊಡ್ಡದಾದ ಮೇಲೆ ರಾತ್ರಿಯಿಡೀ ಉಬ್ಬಸ. ಕೊನೆಗೆ ನಾಯಿ ಹಿಂದಿನ ಚಾವಡಿಗೆ, ಮಾವ ಮೇಲಿನ ರೂಮಿಗೆ. ಈಗ ಇಬ್ಬರೂ ನನ್ನ ಮೇಲೆ ಮುನಿಸು.

ಮತ್ತೆ ಒಂದು ಮಾತು, ಆಟಿ ತಿಂಗಳಿಗೆ (ಜುಲೈ-ಆಗಸ್ಟ್‌ನ ಮಳೆಗಾಲ) ಮುಂಚೆ ಬೋಳಿಸಿಬಿಡಿ. ನಾನು ಪ್ರತಿ ಜೂನ್ ಬೋಳಿಸ್ತೇನೆ. ಬೋಳಿಸಿದ್ರೆ ಉಣುಗು ಕಣ್ಣಿಗೆ ಬೀಳ್ತದೆ.

ಹಳೆಯಂಗಡಿ 66: ಬೋಳಿಸಿ ಬಿಸಿಲಿಗೆ ಚರ್ಮ ಸುಡಿಸಿದ್ದು ನೋಡಿದ್ದೇನೆ. ಅರ್ಧ ಇಂಚು ಬಿಡ್ಬೇಕು. ಸ್ಟೀಲ್ ಬಾಚಣಿಗೆ ಬುಡದ ತನಕ ಇಳೀಬೇಕು. ಮೇಲೆ ಮೇಲೆ ಬ್ರಶ್ ಆಡಿಸಿದ್ರೆ ಹೊರಗೆ ರೇಷ್ಮೆ, ಒಳಗೆ ತೆಂಗಿನ ನಾರು.

ಕದ್ರಿ ಕಂಬಳ ರೋಡ್: ಜೂನ್‌ನಲ್ಲಿ ಮಂಗಳೂರಲ್ಲಿ ಬಿಸಿಲು ಎಲ್ಲಿ ಉಂಟು? ನೀವು ಎಲ್ಲದಕ್ಕೂ ಅಡ್ಡ ಮಾತಾಡುವುದು ಯಾಕೆ?

ಹಳೆಯಂಗಡಿ 66: ಒಂದೂವರೆ ಲಕ್ಷ ಕಳ್ಕೊಂಡವನಿಗೆ ಅಡ್ಡ ಮಾತಾಡುವ ಹಕ್ಕು ಉಂಟು.

ಕಟಪಾಡಿಯವ: ದಯವಿಟ್ಟು ಜಗಳ ಬೇಡ. ಆರರಲ್ಲಿ ಒಂದು ಕಪ್ಪು ಹೆಣ್ಣುಮರಿ ತುಂಬಾ ಸುಮ್ಮನೆ, ಮಗ ಅಳುವಾಗ ಅವನ ಹತ್ತಿರ ಹೋಗಿ ಮಲಗ್ತದೆ. ಅದನ್ನೇ ಇಟ್ಟುಕೊಳ್ಳುವುದಾ?

ಮಣ್ಣಪಳ್ಳ ವಾಕರ್: 24 ದಿನಕ್ಕೆ ಸುಮ್ಮನೆ ಇರುವುದು ಸ್ವಭಾವವೂ ಇರಬಹುದು, ಹೊಟ್ಟೆಹುಳವೂ ಇರಬಹುದು. ಮೊದಲು ಹುಳದ ಮದ್ದು. ನಮ್ಮ ಚಿನ್ನು ಆ ವಯಸ್ಸಿಗೆ ಅಕ್ಕತಂಗಿಯರ ಕಿವಿ ಕಚ್ಚಿ ಎಳೀತಿದ್ದಳು. ಮತ್ತೆ, ಮಗುವನ್ನು ನಾಯಿಯ ಬೆಲ್ಟಿಗೆ ಕಟ್ಟುವ ವಿಡಿಯೋ ನೋಡಿ ಆಸೆ ಪಡ್ಬೇಡಿ. ನಾಯಿಯ ಹಗ್ಗ ಯಾವಾಗ್ಲೂ ದೊಡ್ಡವರ ಕೈಯಲ್ಲೇ ಇರ್ಬೇಕು.

ಕದ್ರಿ ಕಂಬಳ ರೋಡ್: ಉಳಿದ ಐದು ಮರಿ? ಎಂಟು ವಾರ ಆಗದೆ ಕೊಡುವ ಹಾಗಿಲ್ಲ. ಮಾರುವುದಾದ್ರೆ 2017ರ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ರಿಜಿಸ್ಟರ್ ಬೇಕು.

ಬೀದಿನಾಯಿ ಪಾರ್ಟಿ: ಹಾ, ಈಗ ಬಂತು ನೋಡಿ. "ಮನೆಯಲ್ಲಿ ಹುಟ್ಟಿದ್ದು" ಅಂತ ಹೇಳುವುದು, ಒಂದಕ್ಕೆ ನಲವತ್ತು ಸಾವಿರ ಅಂತ ಕೊಡುವುದು.

ಕಟಪಾಡಿಯವ: ನಾನು ಮಾರ್ತೇನೆ ಅಂತ ಎಲ್ಲಿ ಹೇಳಿದ್ದು? ಎರಡು ಭಾವನಿಗೆ, ಒಂದು ಕಾಪುವಿನ ಅಕ್ಕನಿಗೆ.

ಬೀದಿನಾಯಿ ಪಾರ್ಟಿ: ಅಲ್ಲಿಗೆ ಮೂರು. ಇನ್ನೆರಡು?

ಹಳೆಯಂಗಡಿ 66: ಅವರನ್ನು ಬಿಡಿ ಮಾರಾಯ್ರೆ. ಕಟಪಾಡಿಯವರೇ, ಭಾವನ ಗಂಡಿನ ಸೊಂಟದ ಎಕ್ಸ್‌ರೇ ಉಂಟಾ? ಕಣ್ಣಿನ ಪಿಆರ್‌ಎ ಟೆಸ್ಟ್? ಪೂಡಲ್‌ನಲ್ಲೂ ಲ್ಯಾಬ್‌ನಲ್ಲೂ ಬರುವ ರೋಗ ಅದು, ಎರಡೂ ಕಡೆಯಿಂದ ಸಿಕ್ಕಿದ್ರೆ ಮರಿ ಮುಂದೆ ಕುರುಡಾಗ್ತದೆ.

ಕಟಪಾಡಿಯವ: ಭಾವನ ಹತ್ತಿರ ಕೇಳಿದೆ. "ಚಾಂಪಿಯನ್ ಲೈನ್" ಅಂದ್ರು.

ಹಳೆಯಂಗಡಿ 66: 😶

ಕದ್ರಿ ಕಂಬಳ ರೋಡ್: ಹಳೆಯಂಗಡಿಯವರೇ, ಸಿಟ್ಟು ಬಿಡಿ. ಮನೆಯಲ್ಲಿ ಕ್ಲಿಪ್ಪರ್ ಉಂಟಾ, ಮಾರುವುದಿದ್ದರೆ ಹೇಳಿ. ನನ್ನದು ಹೊಗೆ ಬಂತು.

ಹಳೆಯಂಗಡಿ 66: 6,500ದ್ದು. 3,000ಕ್ಕೆ ಕೊಡ್ತೇನೆ, ಬ್ಲೇಡ್ ಮೊಂಡು. ಬೋಳಿಸ್ಲಿಕ್ಕೆ ಆದ್ರೆ ಕೊಡುವುದಿಲ್ಲ.