ಮುದ್ದೆ, ಸಾರು, ಚಪಾತಿ ಊಟಕ್ಕೆ ಎಷ್ಟು ಪ್ರೋಟೀನ್ ಸೇರಿಸಬೇಕು? ವೇ, ಬಿಸಿಎಎ, ಕ್ರಿಯಾಟಿನ್‌ನಲ್ಲಿ ಯಾವುದು ಬೇಕು?

ಕಸರತ್ತು64 ಕೇಳಿದ್ದು:

ವಯಸ್ಸು 27, ತೂಕ 64 ಕೆಜಿ, ವಾರಕ್ಕೆ ನಾಲ್ಕು ದಿನ ಜಿಮ್. ಮಾಂಸ ತಿನ್ನಲ್ಲ, ಮೊಟ್ಟೆ ಆಗುತ್ತೆ. ಬೆಳಗ್ಗೆ 4 ಇಡ್ಲಿ, ಸಾಂಬಾರ್. ಮಧ್ಯಾಹ್ನ ಒಂದು ಮುದ್ದೆ, ಬೇಳೆ ಸಾರು, ಸ್ವಲ್ಪ ಅನ್ನ, ಮೊಸರು. ಸಂಜೆ ಕಾಫಿ, ಒಂದು ಹಿಡಿ ಕಡಲೆಬೀಜ. ರಾತ್ರಿ 3 ಚಪಾತಿ, ತರಕಾರಿ ಪಲ್ಯ, ಮಲಗುವಾಗ ಒಂದು ಲೋಟ ಹಾಲು. ವೇ ಐಸೊಲೇಟ್, ಬಿಸಿಎಎ, ಮಾಸ್ ಗೇನರ್, ಕ್ರಿಯಾಟಿನ್ ನಾಲ್ಕೂ ತಗೋ ಅಂತ ಟ್ರೈನರ್ ಹೇಳ್ತಾರೆ. ಪೌಡರ್ ಕುಡಿದರೆ ಕಿಡ್ನಿ ಹಾಳು ಅಂತ ಮನೆಯಲ್ಲಿ ಹೇಳ್ತಾರೆ. ನಿಜವಾಗಿ ಬೇಕಾದ್ದು ಯಾವುದು?

ತಟ್ಟೆಲೆಕ್ಕ ಉತ್ತರ:

ಡಬ್ಬದ ಮಾತು ಆಮೇಲೆ ನೋಡೋಣ ಸರ್, ಮೊದಲು ತಟ್ಟೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ್ದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ಅದು ಸಾಮಾನ್ಯ ಆರೋಗ್ಯಕ್ಕೆ. ತೂಕ ಎತ್ತಿ ಸ್ನಾಯು ಬೆಳೆಸುವವರಿಗೆ 1.6 ಗ್ರಾಂ ಹಿಡಿಯಿರಿ. 64 ಕೆಜಿಗೆ ಸುಮಾರು 102 ಗ್ರಾಂ ಆಯಿತು.

ಈಗ ನೀವು ತಿನ್ನುತ್ತಿರುವುದು. ನಾಲ್ಕು ಇಡ್ಲಿಗೆ 8 ಗ್ರಾಂ ಪ್ರೋಟೀನ್, ಸಾಂಬಾರಿಗೆ 3. 100 ಗ್ರಾಂ ರಾಗಿಹಿಟ್ಟಿನ ಮುದ್ದೆಗೆ 7 (ರಾಗಿ ಸುಣ್ಣದಂಶಕ್ಕೆ ದೊಡ್ಡದು, ಪ್ರೋಟೀನಿಗೆ ಅಕ್ಕಿಯಷ್ಟೇ), ಸಾರಿನ ಬೇಳೆಗೆ 4, ಅನ್ನಕ್ಕೆ 5, ಮೊಸರಿಗೆ 3. ಕಾಫಿಯ ಹಾಲಿಗೆ 3, ಕಡಲೆಬೀಜ 25 ಗ್ರಾಂ ಇದ್ದರೆ 6. ಚಪಾತಿಗೆ 10, ಪಲ್ಯಕ್ಕೆ 2, ರಾತ್ರಿಯ ಹಾಲಿಗೆ 6. ಒಟ್ಟು 57. ಇನ್ನೂ 45 ಬೇಕು.

ಆ 45 ಅನ್ನು ಹೀಗೆ ತುಂಬಿಸಿ. ಬೆಳಗ್ಗೆ ಇಡ್ಲಿ ಜೊತೆ 3 ಬೇಯಿಸಿದ ಮೊಟ್ಟೆ, 18 ಗ್ರಾಂ. ಹಳದಿ ಎಸೆಯಬೇಡಿ, ಮೊಟ್ಟೆಯ ಪ್ರೋಟೀನಿನಲ್ಲಿ ಹತ್ತಿರ ಹತ್ತಿರ ಅರ್ಧ ಅದರಲ್ಲೇ ಇದೆ. ಹಸಿ ಮೊಟ್ಟೆ ಕುಡಿಯಲೇಬೇಡಿ: ಬೇಯಿಸಿದ್ದು 90 ಶೇಕಡಾದಷ್ಟು ಜೀರ್ಣವಾದರೆ ಹಸಿಯದ್ದು ಅರ್ಧದಷ್ಟೇ. ಮಧ್ಯಾಹ್ನ 40 ಗ್ರಾಂ ಒಣ ಹೆಸರುಕಾಳಿನ ಅಥವಾ ಹುರುಳಿಕಾಳಿನ ಪಲ್ಯ, 9 ಗ್ರಾಂ. ರಾತ್ರಿ ಚಪಾತಿಗೆ 30 ಗ್ರಾಂ ಒಣ ಮೀಲ್ ಮೇಕರ್ (ಸೋಯಾ ಉಂಡೆ), 15 ಗ್ರಾಂ. ಒಟ್ಟು 42. ಇನ್ನೊಂದು ಬಟ್ಟಲು ಮೊಸರು ಹಾಕಿಕೊಂಡರೆ ಲೆಕ್ಕ ಮುಗಿಯಿತು. ಈಗ ಮೂರು ಊಟದಲ್ಲೂ 27ರಿಂದ 30 ಗ್ರಾಂ ಬೀಳುತ್ತದೆ. ಎಲ್ಲವನ್ನೂ ರಾತ್ರಿಗೇ ಸುರಿಯುವುದಕ್ಕಿಂತ ಹೀಗೆ ಹಂಚುವುದು ಒಳ್ಳೆಯದು.

ಜನ ಎಡವುವುದು ಎರಡು ಕಡೆ. ಒಂದು, ತೂಕ. 100 ಗ್ರಾಂ ಒಣ ತೊಗರಿಬೇಳೆಯಲ್ಲಿ 22 ಗ್ರಾಂ ಪ್ರೋಟೀನ್. ಬೆಂದ ಮೇಲೆ ಅದೇ ಬೇಳೆ ನೀರು ಕುಡಿದು 250-300 ಗ್ರಾಂ ಆಗುತ್ತದೆ. ಬೆಂದದ್ದನ್ನು ತೂಗಿ, ಮೊಬೈಲ್ ಆ್ಯಪಿನಲ್ಲಿ ಒಣಬೇಳೆ ಎಂದು ಬರೆದರೆ ಲೆಕ್ಕ ಮೂರು ಪಟ್ಟು ಉಬ್ಬುತ್ತದೆ. ಕಾಳು, ಮೀಲ್ ಮೇಕರ್, ಹಿಟ್ಟು ಯಾವುದೇ ಇರಲಿ, ಒಣಗಿದ್ದಾಗಲೇ ತೂಗಿ. ಇನ್ನೊಂದು, ಬಸ್ಸಾರು. ಬಸಿದ ಕಟ್ಟಿನಲ್ಲಿ ರುಚಿ ಇರುತ್ತದೆ, ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ಎರಡು ಸೌಟು ಸಾರು ಹುಯ್ದುಕೊಂಡು ಪಲ್ಯವನ್ನು ನೆಂಚಿಕೊಳ್ಳುವಷ್ಟೇ ಬಡಿಸಿಕೊಂಡರೆ ಸಿಗಬೇಕಾದ್ದು ಪಾತ್ರೆಯಲ್ಲೇ ಉಳಿಯುತ್ತದೆ.

ರಾಗಿ, ಅಕ್ಕಿ, ಗೋಧಿಯಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲಿ ಒಂದು) ಕಡಿಮೆ. ಬೇಳೆಕಾಳಿನಲ್ಲಿ ಅದು ಧಾರಾಳ, ಆದರೆ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಕಡಿಮೆ. ಮುದ್ದೆಗೆ ಕಾಳುಸಾರು, ಅನ್ನಕ್ಕೆ ಬೇಳೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತುತ್ತಿನಲ್ಲಿ ಎರಡೂ ಇರಬೇಕೆಂದಿಲ್ಲ, ಒಂದೇ ದಿನದಲ್ಲಿ ಇದ್ದರೆ ಸಾಕು. ಸೋಯಾ ಮಾತ್ರ ಗುಣದಲ್ಲಿ ಹಾಲು ಮೊಟ್ಟೆಯ ಪಕ್ಕಕ್ಕೇ ನಿಲ್ಲುತ್ತದೆ.

ಲೇಬಲ್‌ನೋಡಿ ಉತ್ತರ:

ಮೇಲಿನ ಲೆಕ್ಕ ಒಪ್ಪುತ್ತೇನೆ. ದಿನಾ ಕಾಳು ನೆನೆಹಾಕಿ ಬೇಯಿಸಲು ಪುರುಸೊತ್ತಿಲ್ಲದವರಿಗೆ ಪೌಡರ್ ಅನುಕೂಲ. ಅದು ಔಷಧವಲ್ಲ, ಹಾಲಿನಿಂದ ಬಂದ ಆಹಾರ: ವೇ ಎಂದರೆ ಚೀಸ್ ಮಾಡುವಾಗ ಉಳಿಯುವ ನೀರಿನ ಪ್ರೋಟೀನ್.

ವೇ ಕಾನ್ಸಂಟ್ರೇಟ್‌ನಲ್ಲಿ 70-80 ಶೇಕಡಾ ಪ್ರೋಟೀನ್, ಜೊತೆಗೆ ಸ್ವಲ್ಪ ಲ್ಯಾಕ್ಟೋಸ್ (ಹಾಲಿನ ಸಕ್ಕರೆ). ಐಸೊಲೇಟ್‌ನಲ್ಲಿ 90ರ ಆಸುಪಾಸು, ಲ್ಯಾಕ್ಟೋಸ್ ಹೆಚ್ಚುಕಡಿಮೆ ಇಲ್ಲ. ಸ್ನಾಯು ಬೆಳವಣಿಗೆಯಲ್ಲಿ ಎರಡಕ್ಕೂ ಎಣಿಸುವಂಥ ವ್ಯತ್ಯಾಸವಿಲ್ಲ. ನಿಮಗೆ ದಿನಾ ಹಾಲು ಒಗ್ಗುತ್ತಿದೆ, ಹಾಗಾಗಿ ಐಸೊಲೇಟ್‌ಗೆ ಹೆಚ್ಚು ದುಡ್ಡು ಕೊಡುವ ಕಾರಣವೇ ಇಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಅದು ಸರಿ. ಹೈಡ್ರೊಲೈಸೇಟ್ (ಮೊದಲೇ ಸಣ್ಣದಾಗಿ ಒಡೆದ ವೇ) ಕಹಿ, ದುಬಾರಿ, ಬಿಟ್ಟುಬಿಡಿ. ಹಾಲಿನ ಇನ್ನೊಂದು ಪ್ರೋಟೀನ್ ಕೇಸೀನ್ ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಧಾನಕ್ಕೆ ಕರಗುತ್ತದೆ. ಹಾಲಿನ ಪ್ರೋಟೀನಿನಲ್ಲಿ 80 ಶೇಕಡಾ ಅದೇ, ರಾತ್ರಿಯ ಹಾಲಲ್ಲಿ ಈಗಾಗಲೇ ಕುಡಿಯುತ್ತಿದ್ದೀರಿ. ಕಾಲಜನ್ ಪುಡಿಯಲ್ಲಿ ಟ್ರಿಪ್ಟೊಫಾನ್ ಎಂಬ ಅಗತ್ಯ ಅಮೈನೊ ಆಮ್ಲ ಇಲ್ಲವೇ ಇಲ್ಲ, ಸ್ನಾಯುವಿಗೆಂದು ಅದನ್ನು ಕೊಳ್ಳಬೇಡಿ.

ಬಿಸಿಎಎ (ಮೂರು ಅಮೈನೊ ಆಮ್ಲಗಳ ಪುಡಿ) ಬೇಡ. ಅಗತ್ಯವಾದ ಒಂಬತ್ತು ಅಮೈನೊ ಆಮ್ಲಗಳಲ್ಲಿ ಮೂರನ್ನು ಮಾತ್ರ ಕೊಟ್ಟರೆ ಉಳಿದ ಆರು ಎಲ್ಲಿಂದ ಬರಬೇಕು? ಊಟದಿಂದಲೇ. ಆ ಊಟದಲ್ಲಿ ಈ ಮೂರೂ ಇರುತ್ತವೆ. ಮಾಸ್ ಗೇನರ್‌ನ 100 ಗ್ರಾಂ ಪುಡಿಯಲ್ಲಿ ಸಾಮಾನ್ಯವಾಗಿ 15-20 ಗ್ರಾಂ ಪ್ರೋಟೀನ್, ಉಳಿದದ್ದು ಹೆಚ್ಚಾಗಿ ಮಾಲ್ಟೊಡೆಕ್ಸ್ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ). ತೂಕ ಏರದಿದ್ದರೆ ಕಾಲು ಲೀಟರ್ ಹಾಲು, ಒಂದು ಬಾಳೆಹಣ್ಣು, 30 ಗ್ರಾಂ ಹುರಿದ ಕಡಲೆಬೀಜ, 40 ಗ್ರಾಂ ರಾಗಿ ಹುರಿಹಿಟ್ಟು ಮಿಕ್ಸಿಗೆ ಹಾಕಿ. ಸುಮಾರು 550 ಕ್ಯಾಲರಿ, 19 ಗ್ರಾಂ ಪ್ರೋಟೀನ್ ಸಿಗುತ್ತದೆ.

ಡಬ್ಬ ಕೊಳ್ಳುವಾಗ ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಭಾಗ ಓದಿ. 30 ಗ್ರಾಂ ಸ್ಕೂಪಿಗೆ 24 ಗ್ರಾಂ ಪ್ರೋಟೀನ್ ಎಂದಿದ್ದರೆ ಒಂದು ಕೆಜಿಯಲ್ಲಿ 800 ಗ್ರಾಂ. ಬೆಲೆಯನ್ನು 800ರಿಂದ ಭಾಗಿಸಿ. ಮೊಟ್ಟೆ 7 ರೂಪಾಯಿ ಅಂದುಕೊಂಡರೆ ಅದರ ಪ್ರೋಟೀನ್ ಗ್ರಾಮಿಗೆ ಒಂದೂಕಾಲು ರೂಪಾಯಿಯೊಳಗೇ ಬರುತ್ತದೆ, ಹೋಲಿಸಿ ನೋಡಿ. ಆಮೇಲೆ ಪದಾರ್ಥಗಳ ಪಟ್ಟಿ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಅಳೆಯುವುದು ಸಾರಜನಕವನ್ನು, ಅದನ್ನು ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿದರೂ ಆ ಅಂಕಿ ಏರುತ್ತದೆ, ಸ್ನಾಯುವಿಗೆ ಏನೂ ಸಿಗುವುದಿಲ್ಲ. ಪಟ್ಟಿಯಲ್ಲಿ ಈ ಹೆಸರುಗಳಿದ್ದರೆ ಆ ಡಬ್ಬ ಕೆಳಗಿಡಿ. ಅಸಲಿ ವೇಯಲ್ಲಿ 25 ಗ್ರಾಂ ಪ್ರೋಟೀನಿಗೆ ಲ್ಯೂಸಿನ್ ಎಂಬ ಅಮೈನೊ ಆಮ್ಲ ಸುಮಾರು ಎರಡೂವರೆ ಗ್ರಾಂ ಇರಬೇಕು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರನ್ನು ಅವರ ಜಾಲತಾಣದಲ್ಲಿ ಹಾಕಿ ನೋಡಿ. ಡಬ್ಬ ಒಡೆದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಡುವ ಪುಡಿಯನ್ನು ಯಾರು ಕೊಟ್ಟರೂ ಮುಟ್ಟಬೇಡಿ. ಡೋಪ್ ಪರೀಕ್ಷೆಗೆ ಹೋಗುವ ಕ್ರೀಡಾಪಟುಗಳಾದರೆ ಬ್ಯಾಚ್ ಪರೀಕ್ಷೆಯ ಪ್ರಮಾಣಪತ್ರ ಇಲ್ಲದ ಯಾವುದನ್ನೂ ತಗೊಳ್ಳಬೇಡಿ.

ಕುದಿಯುವ ಹಾಲಿಗೆ ವೇ ಹಾಕಬೇಡಿ, ಗಂಟು ಕಟ್ಟುತ್ತದೆ. ಮೊದಲು ತಣ್ಣೀರು, ಮೇಲೆ ಪುಡಿ, ಆಮೇಲೆ ಕುಲುಕಿ. ಕರಾವಳಿ ಮಲೆನಾಡಿನವರು ಮಳೆಗಾಲದಲ್ಲಿ ಒದ್ದೆ ಚಮಚ ತಾಗಿಸದೆ ಬಿಗಿ ಮುಚ್ಚಳದಲ್ಲಿಡಿ.

ಕಸರತ್ತು64:

ತುಂಬಾ ಥ್ಯಾಂಕ್ಸ್. ಎರಡು ಪ್ರಶ್ನೆ ಉಳಿಯಿತು. ಪನೀರ್ ಮಾಡುವಾಗ ಬರುವ ನೀರೂ ವೇ ತಾನೇ, ಅದನ್ನೇ ಕುಡಿಯಬಹುದಾ? ಮೀಲ್ ಮೇಕರ್, ಕಾಳು ಜಾಸ್ತಿ ತಿಂದರೆ ಗ್ಯಾಸ್ ಆಗುತ್ತೆ, ಏನು ಮಾಡಲಿ?

ತಟ್ಟೆಲೆಕ್ಕ:

ಹೆಸರು ಒಂದೇ, ಒಳಗಿರುವುದು ಬೇರೆ. ಚೀಸ್ ಮಾಡುವಾಗ ಹಾಲನ್ನು ಉಗುರು ಬೆಚ್ಚಗೆ ಇಟ್ಟು ರೆನೆಟ್ (ಹಾಲು ಗಟ್ಟಿಯಾಗಿಸುವ ಕಿಣ್ವ) ಹಾಕುತ್ತಾರೆ, ವೇ ಪ್ರೋಟೀನ್ ನೀರಿನಲ್ಲೇ ಉಳಿಯುತ್ತದೆ. ಪೌಡರ್ ಆಗುವುದು ಆ ನೀರನ್ನು ಸೋಸಿ ಒಣಗಿಸಿದಾಗ. ಪನೀರಿಗೆ ಹಾಲನ್ನು ಕುದಿಸಿ ನಿಂಬೆರಸ ಹಿಂಡುತ್ತೇವೆ. ಆ ಬಿಸಿಗೆ ವೇ ಪ್ರೋಟೀನ್ ಕೇಸೀನಿಗೆ ಅಂಟಿ ಪನೀರಿನೊಳಗೇ ಸೇರುತ್ತದೆ. ಉಳಿದ ನೀರಿನ 100 ಎಂಎಲ್‌ನಲ್ಲಿ ಅರ್ಧ ಗ್ರಾಂ ಆಸುಪಾಸು ಅಷ್ಟೇ, ಒಂದು ಸ್ಕೂಪಿನ ಸಮಕ್ಕೆ ಐದು ಲೀಟರ್ ಬೇಕು. ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಿ, ಸಾರಿಗೆ ಹಾಕಿ. ಪ್ರೋಟೀನ್ ಬೇಕಾದರೆ ಪನೀರನ್ನೇ ತಿನ್ನಿ: 100 ಗ್ರಾಮಿಗೆ 18 ಗ್ರಾಂ. ಕೊಬ್ಬು ಅದಕ್ಕಿಂತ ಹೆಚ್ಚಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗ್ಯಾಸಿಗೆ ಕಾರಣ ರ‍್ಯಾಫಿನೋಸ್ ಜಾತಿಯ ಸಕ್ಕರೆಗಳು. ನಮ್ಮ ಕರುಳಿಗೆ ಅವನ್ನು ಒಡೆಯಲು ಬರುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಒಡೆಯುತ್ತವೆ. ಕಾಳನ್ನು 8-12 ಗಂಟೆ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗಾಗುವ ತನಕ ಬೇಯಿಸಿ. ಮೊಳಕೆ ಬರಿಸಿದರೆ ಇನ್ನೂ ಹಗುರ. ಮೀಲ್ ಮೇಕರನ್ನು ಉಪ್ಪು ಹಾಕಿದ ಕುದಿನೀರಿನಲ್ಲಿ 10 ನಿಮಿಷ ಇಟ್ಟು, ತಣ್ಣೀರಿನಲ್ಲಿ ಎರಡು ಮೂರು ಸಲ ಹಿಂಡಿ ತೆಗೆಯಿರಿ. ಹಸಿ ವಾಸನೆಯೂ ಹೋಗುತ್ತದೆ. ಮೊದಲ ವಾರ 15 ಗ್ರಾಂ, ಆಮೇಲೆ 30. ಸೋಯಾದಿಂದ ಗಂಡಸರ ಹಾರ್ಮೋನ್ ಕುಗ್ಗುತ್ತದೆ ಎಂಬ ಭಯ ಬೇಡ, ಊಟದ ಪ್ರಮಾಣದಲ್ಲಿ ಹಾಗಾಗುವುದಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರ ಮಾತ್ರೆಗೂ ಸೋಯಾಗೂ ನಾಲ್ಕು ಗಂಟೆ ಅಂತರ ಇಡಿ.

ಬಿಳಿಕೋಟು ಉತ್ತರ:

ಕಿಡ್ನಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಆರೋಗ್ಯವಂತ ಮೂತ್ರಪಿಂಡಕ್ಕೆ ಕೆಜಿಗೆ 1.6 ಗ್ರಾಮಿನಿಂದ ಹಾನಿಯಾಗುತ್ತದೆ ಎನ್ನಲು ಆಧಾರವಿಲ್ಲ. ಆದರೆ ಮೂತ್ರಪಿಂಡ ಆರೋಗ್ಯವಾಗಿದೆಯೇ ಎಂದು ನೋಡಿಕೊಂಡವರು ಕಡಿಮೆ. ಮನೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ಕಾಯಿಲೆ ಇದ್ದರೆ ಮೊದಲು ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಕಸ, ಕ್ರಿಯಾಟಿನ್ ಪುಡಿಯಲ್ಲ) ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ. ಒಂದೇ ಕಿಡ್ನಿ ಇರುವವರು, ಈಗಾಗಲೇ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಲೇಬಾರದು. ಮನೆಯವರ ಕಾಳಜಿಯನ್ನು ತಳ್ಳಿಹಾಕಬೇಡಿ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಮಾರ್ಗಸೂಚಿಯೂ ಮೈ ಬೆಳೆಸಲು ಪ್ರೋಟೀನ್ ಪೌಡರ್ ಬೇಡ ಎಂದೇ ಹೇಳಿದೆ. ಸೇರಿಸಿದ ಸಕ್ಕರೆ, ಕೃತಕ ಸಿಹಿ ಅದರ ಆಕ್ಷೇಪಗಳಲ್ಲಿ ಸೇರಿವೆ. ಆದ್ದರಿಂದ ಮೊಟ್ಟೆ, ಕಾಳು, ಮೀಲ್ ಮೇಕರ್ ದಾರಿಯನ್ನೇ ನಾನು ಮುಂದಿಡುತ್ತೇನೆ.

ಟ್ರೈನರ್ ಹೇಳಿದ ನಾಲ್ಕರಲ್ಲಿ ನಿಮಗೆ ಉಪಯೋಗವಾಗುವುದು ಕ್ರಿಯಾಟಿನ್ ಮೊನೊಹೈಡ್ರೇಟ್ (ಸ್ನಾಯುವಿಗೆ ತಕ್ಷಣದ ಶಕ್ತಿ ಒದಗಿಸುವ ವಸ್ತು). ಅದು ಹೆಚ್ಚಾಗಿ ಮಾಂಸ ಮೀನಿನಲ್ಲಿ ಸಿಗುವುದರಿಂದ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಸಂಗ್ರಹ ಕಡಿಮೆ, ಫಲ ಎದ್ದು ಕಾಣುತ್ತದೆ. ದಿನಕ್ಕೆ 3-5 ಗ್ರಾಂ, ಜಿಮ್ ಇಲ್ಲದ ದಿನವೂ. ಮೂರ್ನಾಲ್ಕು ವಾರದಲ್ಲಿ ಸ್ನಾಯು ತುಂಬುತ್ತದೆ. ಮೊದಲ ವಾರ ದಿನಕ್ಕೆ 20 ಗ್ರಾಂ ಸುರಿಯುವ ಪದ್ಧತಿ ಬೇಗ ತುಂಬಿಸುತ್ತದೆ, ಆದರೆ ಹಲವರಿಗೆ ಭೇದಿ ಆಗುತ್ತದೆ, ಅವಸರ ಬೇಡ. ಒಂದೆರಡು ಕೆಜಿ ತೂಕ ಏರಿದರೆ ಅದು ಸ್ನಾಯುವಿನೊಳಗಿನ ನೀರು. ಉಗುರು ಬೆಚ್ಚಗಿನ ನೀರಿನಲ್ಲಿ ಕದಡಿ ಆಗಲೇ ಕುಡಿಯಿರಿ. ಕಲಸಿ ದಿನಗಟ್ಟಲೆ ಇಟ್ಟರೆ ಕ್ರಿಯಾಟಿನಿನ್ ಆಗಿ ಹಾಳಾಗುತ್ತದೆ.

ಮೈಯೊಳಗೂ ಕ್ರಿಯಾಟಿನ್ ಸ್ವಲ್ಪ ಸ್ವಲ್ಪವಾಗಿ ಕ್ರಿಯಾಟಿನಿನ್ ಆಗುತ್ತದೆ, ಹಾಗಾಗಿ ಅದನ್ನು ತಗೊಳ್ಳುವಾಗ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿದಂತೆ ಕಾಣಬಹುದು. ಮೊದಲ ಡೋಸಿಗೆ ಮುಂಚೆ ಒಂದು ಸಲ ಪರೀಕ್ಷೆ ಮಾಡಿಸಿ ಆ ಚೀಟಿ ಎತ್ತಿಡಿ. ಮುಂದೆ ಅಂಕಿ ಏರಿದರೆ ವೈದ್ಯರಿಗೆ ಪುಡಿಯ ವಿಷಯ ಮುಚ್ಚಿಡದೆ ಹೇಳಿ ಕಿಡ್ನಿ ನೋಡುವ ಇನ್ನೊಂದು ರಕ್ತಪರೀಕ್ಷೆಯಾದ ಸಿಸ್ಟಾಟಿನ್ ಸಿ ಕೇಳಿ, ಅದರ ಮೇಲೆ ಕ್ರಿಯಾಟಿನ್ ಪುಡಿಯ ಪ್ರಭಾವ ಇರುವುದಿಲ್ಲ.