ಕಪ್ಪತಗುಡ್ಡದ ಬಿಳಿಯ ಬೆಣಚುಕಲ್ಲಿನಲ್ಲೆಲ್ಲ ಚಿನ್ನವಿದೆಯೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಮುಂಡರಗಿ ತಾಲ್ಲೂಕಿನ ಶಿಕ್ಷಕ. ದೋಣಿಯ ಹಳ್ಳದಲ್ಲಿ ಜಾಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಗುಡ್ಡದಲ್ಲಿ ಹಳೆಯ ಗುಂಡಿಗಳೂ ಬೆಣಚುಕಲ್ಲಿನ ಸಾಲುಗಳೂ ಇವೆ. ಆ ಬಿಳಿಕಲ್ಲಿನಲ್ಲೆಲ್ಲ ಚಿನ್ನವಿದೆಯೇ? ಇದ್ದರೆ ಬ್ರಿಟಿಷರ ಕಾಲದ ಗಣಿಗಳು ಏಕೆ ಮುಚ್ಚಿದವು?

ಉತ್ತರ: ಹಿರಿಯರ ಮಾತು ನಿಜ, ಮೇಷ್ಟ್ರೇ. ಮುಂದೆ ಈ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಕೊಟ್ಟ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 1874ರಲ್ಲಿಯೇ ಡಂಬಳದ ಗುಡ್ಡಗಳ, ಅಂದರೆ ಇದೇ ಕಪ್ಪತಗುಡ್ಡದ ಸಾಲಿನ, ಚಿನ್ನವನ್ನು ಕುರಿತು ಬರೆದಿದ್ದಾರೆ, ಜಾಲಗಾರರ ಕಸುಬನ್ನೂ ದಾಖಲಿಸಿದ್ದಾರೆ.

ಆದರೆ ಬಿಳಿಕಲ್ಲೆಲ್ಲ ಚಿನ್ನವಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ, ಭೂಮಿಯ ಆಳದಲ್ಲಿ ಬಂಡೆಗಳು ಒಂದರ ಮೇಲೊಂದು ಜಾರಿ ಬಿರಿದಾಗ, ಸಿಲಿಕಾವನ್ನೂ ಗಂಧಕದೊಡನೆ ಕೂಡಿಕೊಂಡ ಚಿನ್ನವನ್ನೂ ಹೊತ್ತ ಬಿಸಿನೀರು ಆ ಬಿರುಕುಗಳಿಗೆ ನುಗ್ಗಿತು. ಸಿಲಿಕಾ ಗಟ್ಟಿಯಾಗಿ ಬೆಣಚುಕಲ್ಲಾಯಿತು. ಗಂಧಕವು ಪಕ್ಕದ ಬಂಡೆಯಲ್ಲಿದ್ದ ಕಬ್ಬಿಣವನ್ನು ಸೇರಿ, ಚಿನ್ನದಂತೆಯೇ ಹೊಳೆಯುವ ಪೈರೈಟ್ ಎಂಬ ಖನಿಜವಾದೊಡನೆ ಜೊತೆ ತಪ್ಪಿದ ಚಿನ್ನ ಅಲ್ಲೇ ಉಳಿಯಿತು. ಆದ್ದರಿಂದ ಹಾಲುಬಿಳುಪಿನ ನಡುಭಾಗ ಹೆಚ್ಚಾಗಿ ಬರಿದಾಗಿದ್ದು, ತುಕ್ಕುಬಣ್ಣಕ್ಕೆ ತಿರುಗಿದ ಅಂಚುಗಳೇ ನೋಡತಕ್ಕವು. ಹಳೆಯ ಗಣಿಗಾರರು ಪುಸ್ತಕ ಓದದೆಯೇ ಇದನ್ನು ಬಲ್ಲವರಾಗಿದ್ದರು; ಅವರ ಗುಂಡಿಗಳು ಅನೇಕ ಕಡೆ ಆ ಅಂಚುಗಳನ್ನೇ ಹಿಡಿದು ಸಾಗಿವೆ.

20ನೇ ಶತಮಾನದ ಮೊದಲ ದಶಕದಲ್ಲಿ ಕಬಲಾಯತಕಟ್ಟಿ, ಹೊಸೂರು ಕಡೆ ಕಂಪನಿಗಳು ಗಣಿ ತೆರೆದವು. ಕೋಲಾರದಲ್ಲಿ ಚಾಂಪಿಯನ್ ಎಂಬ ಹೆಸರಿನ, ಚಿನ್ನವಿರುವ ಬೆಣಚುಕಲ್ಲಿನ ಪಟ್ಟಿಯು ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದವರೆಗೆ ಸಾಗಿತ್ತು. ಇಲ್ಲಿನ ಪಟ್ಟಿಗಳು ಉಬ್ಬಿ, ಸಣ್ಣಗಾಗಿ, ನಡುವೆಯೇ ಕಾಣೆಯಾಗುತ್ತವೆ. ಸಾಲದ್ದಕ್ಕೆ ಚಿನ್ನದ ಒಂದು ಪಾಲು ಆರ್ಸೆನೋಪೈರೈಟ್ ಎಂಬ ಖನಿಜದೊಡನೆ ಬೆರೆತಿದ್ದು, ಅಂಥ ಅದಿರನ್ನು ಪುಡಿಮಾಡಿ ಪಾದರಸಕ್ಕೆ ಹಿಡಿಸುವ ಆ ಕಾಲದ ಕ್ರಮಕ್ಕೆ ಅದು ಸುಲಭವಾಗಿ ದಕ್ಕುವುದಿಲ್ಲ. ನನ್ನ ಮಟ್ಟಿಗೆ, ಗಣಿಗಳು ನಿಂತದ್ದು ಚಿನ್ನವಿಲ್ಲದೆ ಅಲ್ಲ, ಖರ್ಚು ಗಿಟ್ಟದೆ.

ಮರುಪ್ರಶ್ನೆ: ಹಾಗಾದರೆ ಮಕ್ಕಳನ್ನು ಕರೆದೊಯ್ದು ಕಲ್ಲು ಒಡೆದು ತೋರಿಸಬಹುದೇ ಸರ್?

ಉತ್ತರ: ಬೇಡಿ. ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮವಾಗಿರುವುದರಿಂದ ಅಲ್ಲಿ ಕಲ್ಲು ಒಡೆಯುವಂತಿಲ್ಲ, ತರುವಂತೆಯೂ ಇಲ್ಲ. ಹಳೆಯ ಗುಂಡಿಗಳ ಅಂಚು ಕುಸಿಯುವ ಭಯವಂತೂ ಇದ್ದೇ ಇದೆ. ಅರಣ್ಯ ಇಲಾಖೆಯ ಅನುಮತಿ ಪಡೆದು ದೂರದಿಂದ ತೋರಿಸಿ. ತರಗತಿಗೆ ಒಂದು ಚೂರು ಪೈರೈಟ್ ಸಾಕು. ಮೆರುಗಿಲ್ಲದ ಬಿಳಿ ಟೈಲ್ಸಿನ ಹಿಂಬದಿಗೆ ಉಜ್ಜಿದರೆ ಅದು ಹಸಿರುಗಪ್ಪು ಗೆರೆ ಬಿಡುತ್ತದೆ. ಚಿನ್ನವಾಗಿದ್ದರೆ ಗೆರೆಯೂ ಹಳದಿಯೇ.