ಸಹಾಯ ಬೇಕು: ಸ್ಟ್ರಾ ಉಪ್ಪುಮಾಪಕದಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುತ್ತಿಲ್ಲ

ಕಾರವಾರ ಸುತ್ತಮುತ್ತಲಿನ ವಿಜ್ಞಾನ ಶಿಕ್ಷಕರಿಗೆ ನಮಸ್ಕಾರ. 8, 9ನೇ ತರಗತಿಗೆ ಬರುವಷ್ಟರಲ್ಲಿ ಹಲವು ಮಕ್ಕಳಿಗೆ ವಿಜ್ಞಾನವೆಂದರೆ ವ್ಯಾಖ್ಯೆಯ ಬಾಯಿಪಾಠ ಆಗಿಬಿಡುತ್ತದೆ. ಅದಕ್ಕೇ ಸಾಂದ್ರತೆಯ ಪಾಠವನ್ನು ಊರಿನ ನೀರಿನಿಂದ ಶುರು ಮಾಡುವ ಯೋಜನೆ: ಟ್ಯಾಗೋರ್ ಕಡಲತೀರದ್ದು, ಕೋಡಿಬಾಗದ ಹತ್ತಿರ ಕಾಳಿ ನದಿಯದ್ದು, ಶಾಲೆಯ ಬಾವಿಯದ್ದು. ಯಾವುದರಲ್ಲಿ ಉಪ್ಪು ಎಷ್ಟು ಅಂತ ಮಕ್ಕಳು ಮೊದಲು ಊಹಿಸಿ ಬರೆದಿಡಬೇಕು (ಇದನ್ನು ಬಿಟ್ಟರೆ ಪ್ರಯೋಗ ಬರೀ ತಮಾಷೆ), ಆಮೇಲೆ ಅಳೆಯಬೇಕು. ನಾಲಿಗೆಗೆ ಹಚ್ಚಿ ನೋಡುವುದು ಬೇಡ.

ತೊಂದರೆ ಇರುವುದು ಅಳತೆಯಲ್ಲಿ. ನಮ್ಮ ಉಪ್ಪುಮಾಪಕ ಅಂದರೆ ನೀರಿನಲ್ಲಿ ತೇಲುವ ಒಂದು ಸ್ಟ್ರಾ: ಉಪ್ಪು ಹೆಚ್ಚಿದಷ್ಟೂ ನೀರಿನ ಸಾಂದ್ರತೆ ಹೆಚ್ಚಿ ಅದು ಮೇಲೇಳುತ್ತದೆ. ಸ್ಟ್ರಾದ ಕೆಳಬಾಯಿಗೆ ಎಂ-ಸೀಲ್ (ಗಟ್ಟಿಯಾಗುವ ಅಂಟುಮುದ್ದೆ) ತುಂಬಿ, ನೆಟ್ಟಗೆ ನಿಲ್ಲಲು ಒಳಗೆ ಸಣ್ಣ ಮೊಳೆ ಹಾಕಿ, ಸಿಹಿನೀರಿನಲ್ಲಿ 10 ಸೆಂ.ಮೀ. ಮುಳುಗುವಂತೆ ಮಾಡಿದ್ದೇವೆ. ಸಿಹಿನೀರಿನ ಸಾಂದ್ರತೆ 1 ಅಂದರೆ ಸಮುದ್ರದ ನೀರಿನದು ಸುಮಾರು 1.025, ಹಾಗಾಗಿ ಅದರಲ್ಲಿ ಮೇಲೇಳುವುದು ಎರಡೂವರೆ ಮಿ.ಮೀ. ಮಾತ್ರ. ಸ್ಟ್ರಾಗೆ ನಾಲ್ಕು ಗಾಳಿಗುಳ್ಳೆ ಅಂಟಿದರೆ ಅದೂ ಕೆಡುತ್ತದೆ. ಹಿಂದಿನ ಬೆಂಚಿಗೆ ಏನೂ ಕಾಣುವುದಿಲ್ಲ, ಉತ್ಸಾಹ ಅಲ್ಲೇ ಇಳಿಯುತ್ತದೆ.

10 ಮಿ.ಲೀ. ನೀರನ್ನು ಸರಿಸುವ ಪುಟ್ಟ ಸೀಸೆಗೆ 6 ಮಿ.ಮೀ. ದಪ್ಪದ ಸ್ಟ್ರಾ ಸಿಕ್ಕಿಸಿದರೆ ಅದೇ ವ್ಯತ್ಯಾಸ ಸುಮಾರು 9 ಮಿ.ಮೀ. ಆಗುತ್ತದೆ. ಆದರೆ ರಬ್ಬರ್ ಮುಚ್ಚಳದ ತೂತಿನಿಂದ ನೀರು ಒಳಗೆ ಇಳಿಯುತ್ತದೆ. ಮೇಣ ಬಿರುಕು ಬಿಡುತ್ತದೆ, ಬಿಳಿ ಅಂಟು ಮೆತ್ತಗಾಗುತ್ತದೆ. ಆ ಸಂದಿಗೆ ನೀವು ಏನು ಹಚ್ಚುತ್ತೀರಿ?

ಇನ್ನೊಂದು ಪ್ರಶ್ನೆ. 100 ಮಿ.ಲೀ. ಸಮುದ್ರದ ನೀರು ಕಾಯಿಸಿ ಬತ್ತಿಸಿದರೆ ಸುಮಾರು 3.5 ಗ್ರಾಂ ಉಪ್ಪು ಸಿಗಬೇಕು. ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ನಮ್ಮ ಕರಾವಳಿಯ ಗಾಳಿಯ ತೇವ ಹೀರಿ ತೂಕ ಏರಿಸುತ್ತದೆ. ಬಿಸಿ ಆರುವ ಮೊದಲೇ ತೂಗುವುದು ಬಿಟ್ಟು ಬೇರೆ ಉಪಾಯ ಉಂಟಾ?